ಕಾಲು ಜಾರಿದ್ದಲ್ಲ, ಕಾಲು ಸೋತದ್ದು



ಹೋದ ಮಳೆಗಾಲದಲ್ಲಿ ನಮ್ಮ ಕೂಟದ ಒಬ್ಬ ಹಿರಿಯ ತಾಯಿ ಲೈನ್ ಮನೆಯಿಂದ ಕಕ್ಕಸಿಗೆ ಇಳಿಯುವ ಮೆಟ್ಟಿಲಿನ ಮೇಲೆ ಬಿದ್ದರು. ಮೂವತ್ತು ವರ್ಷಕ್ಕೂ ಮೇಲೆ ಟೀ ಎಲೆ ಕಿತ್ತ ಕೈ ಅವರದು. ದಮ್ಮಿನ ಕಾಯಿಲೆ ಹಿಡಿದು ಹತ್ತು ವರ್ಷವಾಗಿತ್ತು. ಬೆಳಗಿನ ಜಾವ; ದೀಪವಿಲ್ಲ, ಹಿಡಿಯಲು ಒಂದು ಕಂಬಿಯಿಲ್ಲ. ಸೊಂಟದ ಮೂಳೆ ಮುರಿಯಿತು. ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದು, ಜೀಪಿಗಾಗಿ ಕಾದು, ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ಆಯಿತು. ಆದರೆ ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿತು, ನ್ಯುಮೋನಿಯಾ ಆಯಿತು. ಮೂರನೆಯ ವಾರ ನಾವು ಅವರನ್ನು ಮಣ್ಣಿಗೆ ಒಪ್ಪಿಸಿ ಬಂದೆವು.

ತೋಟದ ಡಿಸ್ಪೆನ್ಸರಿಯ ಪುಸ್ತಕದಲ್ಲಿ ಈ ಸಂಗತಿಗೆ ಒಂದೇ ಸಾಲು ಸಿಕ್ಕಿತು: ಮನೆಯ ಬಳಿ ಕಾಲು ಜಾರಿ ಬಿದ್ದದ್ದು. ಅಲ್ಲಿಗೆ ಲೆಕ್ಕ ಮುಗಿಯಿತು, ಪುಸ್ತಕ ಮುಚ್ಚಿತು. ಆದರೆ ಆ ತಾಯಿ ಜೀಪಿನಲ್ಲಿ ನಮ್ಮ ಹೆಂಗಸರ ಕೈ ಹಿಡಿದುಕೊಂಡು ಹೇಳಿದ ಮಾತು ಬೇರೆ. "ಜಾರ್ನಿಲ್ಲ ಕನವ್ವ. ಉಸ್ರು ಕಟ್ಕೊಂಡ್ತು, ಕಾಲು ಸೋತೋಯ್ತು."

ಕಾಲು ಜಾರುವುದು ಬೇರೆ, ಕಾಲು ಸೋಲುವುದು ಬೇರೆ. ಜಾರಿದರೆ ತಪ್ಪು ಮಳೆಯದು, ಪಾಚಿಯದು, ಹವಾಯಿ ಚಪ್ಪಲಿಯದು, ಇಲ್ಲವೇ ಬಿದ್ದವರದೇ. ಸೋತಿತು ಎಂದರೆ ಅದಕ್ಕೊಂದು ಕಾರಣವಿದೆ ಎಂದಾಯಿತು. ಆ ಕಾರಣಕ್ಕೆ ಹೊಣೆಗಾರರೂ ಇದ್ದಾರೆ ಎಂದಾಯಿತು. ಪುಸ್ತಕ ಬರೆಯುವವರಿಗೆ ಮೊದಲನೆಯ ಮಾತು ಯಾಕೆ ಇಷ್ಟ, ಎರಡನೆಯದು ಯಾಕೆ ಕಿವಿಗೆ ಬೀಳುವುದಿಲ್ಲ ಎಂಬುದನ್ನು ನಾವು ಬಲ್ಲೆವು. ಆದುದರಿಂದಲೇ ಇದನ್ನು ಬರೆಯುತ್ತಿದ್ದೇವೆ.

ನಾವು ಹೇಳುವುದು ಇಷ್ಟೇ: ಬಹುಕಾಲದ ಶ್ವಾಸಕೋಶದ ಕಾಯಿಲೆ ಇರುವವರು ಬೀಳುವುದು ಆ ಕಾಯಿಲೆಯದೇ ಒಂದು ಭಾಗ. ಕೆಮ್ಮು, ಕಫ, ಏದುಸಿರು ಹೇಗೆ ಕಾಯಿಲೆಯ ಲಕ್ಷಣಗಳೋ ಹಾಗೆಯೇ ಬೀಳುವುದೂ ಒಂದು. ಕೆಮ್ಮಿಗೆ ಔಷಧಿ ಕೊಟ್ಟು ಬೀಳುವುದನ್ನು ಹಣೆಬರಹಕ್ಕೆ ಬಿಡುವುದು ಅರ್ಧ ವೈದ್ಯವೂ ಅಲ್ಲ.

"ಶ್ವಾಸಕೋಶ ಎದೆಯಲ್ಲಿದೆ, ಕಾಲು ಕೆಳಗಿದೆ, ಎತ್ತಣಿಂದೆತ್ತ ಸಂಬಂಧ?" ಎಂದು ಕೇಳುವವರಿದ್ದಾರೆ. ಸಂಬಂಧವನ್ನು ಹೇಳುತ್ತೇವೆ, ಕೇಳಿರಿ.

ಮೊದಲನೆಯದು ತೊಡೆ. ದಮ್ಮು ಬರುತ್ತದೆಂದು ಮನುಷ್ಯ ನಡೆಯುವುದನ್ನು ಕಡಿಮೆ ಮಾಡುತ್ತಾನೆ. ನಡೆಯದ ತೊಡೆ ಕರಗುತ್ತದೆ. ಕರಗಿದ ತೊಡೆ ಬೇಗ ದಣಿಯುತ್ತದೆ, ದಣಿದರೆ ದಮ್ಮು ಇನ್ನೂ ಬೇಗ ಬರುತ್ತದೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ. ದಮ್ಮು ಉಲ್ಬಣಿಸಿ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಬಂದವರಲ್ಲಿ ಈ ನಿಶ್ಶಕ್ತಿ ಎದ್ದು ಕಾಣುತ್ತದೆ. ಮನೆಗೆ ಬಂದ ಮೊದಲ ವಾರಗಳೇ ಅವರಿಗೆ ಅಪಾಯದ ವಾರಗಳು. ನಾವೋ, "ಗುಣವಾಗಿ ಬಂದರು, ಸ್ತೋತ್ರ" ಎಂದು ಒಬ್ಬರನ್ನೇ ಬಿಟ್ಟು ಕೆಲಸಕ್ಕೆ ಹೋಗುತ್ತೇವೆ.

ಎರಡನೆಯದು ಹೊಟ್ಟೆ, ಬೆನ್ನಿನ ಸ್ನಾಯುಗಳು. ಎಡವಿದಾಗ ನಮ್ಮನ್ನು ನೆಟ್ಟಗೆ ಹಿಡಿದು ನಿಲ್ಲಿಸುವುದು ಇವೇ. ಉಸಿರಿಗೆ ತೊಂದರೆಯಾದಾಗ ಎದೆಯನ್ನು ಎತ್ತಿ ಇಳಿಸಲು ದುಡಿಯುವುದೂ ಇವೇ. ಒಬ್ಬನೇ ಆಳಿನ ಮೇಲೆ ಎರಡು ಹಾಜರಿಯ ಕೆಲಸ ಹೊರಿಸಿದ ಹಾಗೆ. ಏದುಸಿರು ಬರುವ ಹೊತ್ತಿಗೇ ಕಾಲು ಎಡವಿದರೆ ಆ ಆಳು ಯಾವ ಕೆಲಸಕ್ಕೆ ಓಡಬೇಕು?

ಮೂರನೆಯದು ಔಷಧಿ. ದಮ್ಮು ಹೆಚ್ಚಾದಾಗ ಕೊಡುವ ಪ್ರೆಡ್ನಿಸೊಲೋನ್ ಮುಂತಾದ ಸ್ಟೀರಾಯ್ಡ್ ಮಾತ್ರೆಗಳು ಪ್ರಾಣ ಉಳಿಸುತ್ತವೆ, ಸುಳ್ಳಲ್ಲ. ಆದರೆ ಅವೇ ಮಾತ್ರೆಗಳನ್ನು ತಿಂಗಳು, ವರ್ಷಗಟ್ಟಲೆ ಅಂಗಡಿಯಿಂದ ತಂದು ನುಂಗಿದರೆ ಮೂಳೆ ಟೊಳ್ಳಾಗುತ್ತದೆ, ತೊಡೆ ಸೊರಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಬೀಳುವುದಕ್ಕೆ ಎರಡು ದಾರಿ, ಬಿದ್ದರೆ ಮುರಿಯುವುದಕ್ಕೆ ಒಂದು. ಬಹುಕಾಲ ನುಂಗಿದವರು ಹೆದರಿ ಒಮ್ಮೆಗೇ ಬಿಡಲೂ ಕೂಡದು, ಅದರಿಂದಲೂ ಪ್ರಾಣಾಪಾಯವಿದೆ. ವೈದ್ಯರ ಮಾತಿನಂತೆ ಕ್ರಮವಾಗಿ ಇಳಿಸಬೇಕು. ಬಾಯಿಗೆ ಹಿಡಿದು ಎಳೆಯುವ ಇನ್ಹೇಲರಿನ ಔಷಧಿ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಪ್ರಮಾಣವೂ ಬಹಳ ಕಡಿಮೆ. "ಅದು ಚಟವಾಗುತ್ತದೆ" ಎಂದು ಇನ್ಹೇಲರ್ ಬಿಡಿಸಿ, ಗುಳಿಗೆ ಕೊಡಿಸುವ ಲೈನಿನ ಬುದ್ಧಿವಂತರಿಗೆ ನಮ್ಮ ಧಿಕ್ಕಾರವಿರಲಿ. ನಿದ್ದೆ ಮಾತ್ರೆಯಂತೂ ದಮ್ಮಿನವರಿಗೆ ಎರಡು ಕೇಡು: ಉಸಿರೂ ಮಂದ, ನಡುರಾತ್ರಿ ಎದ್ದರೆ ಕಾಲೂ ಮಂದ.

ನಾಲ್ಕನೆಯದು ಹೆದರಿಕೆ. ಒಮ್ಮೆ ಬಿದ್ದವರು ಮತ್ತೆ ಬೀಳುವೆನೆಂದು ಕೂತಲ್ಲೇ ಕೂರುತ್ತಾರೆ. ಕೂತಷ್ಟೂ ಕಾಲು ಸೋಲುತ್ತದೆ. ಸೋತಷ್ಟೂ ಬೀಳುತ್ತಾರೆ.

ಇದು ನಮ್ಮ ಊಹೆಯಲ್ಲ. ಈ ಕಾಯಿಲೆಗೆ ವೈದ್ಯರು ಸಿ.ಓ.ಪಿ.ಡಿ. ಎಂದು ಹೆಸರಿಟ್ಟಿದ್ದಾರೆ. ಕೆನಡಾ ದೇಶದಲ್ಲಿ ಇಂಥ ಸುಮಾರು ನೂರು ರೋಗಿಗಳನ್ನು ಆರು ತಿಂಗಳು ಗಮನಿಸಿ 2011ರಲ್ಲಿ ಪ್ರಕಟಿಸಿದ ವರದಿಯಂತೆ, ಆ ಆರು ತಿಂಗಳಲ್ಲೇ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರು ಒಮ್ಮೆಯಾದರೂ ಬಿದ್ದಿದ್ದರು. ಬ್ರಿಟನ್ನಿನ ಡಾಕ್ಟರುಗಳ ದಾಖಲೆಗಳನ್ನು ಜಾಲಿಸಿ 2018ರಲ್ಲಿ ಹೊರಬಂದ ಲೆಕ್ಕದಲ್ಲಿ, ಈ ಕಾಯಿಲೆಯವರು ಬೀಳುವುದು ಉಳಿದವರಿಗಿಂತ ಒಂದೂವರೆ ಪಟ್ಟಿನಷ್ಟಿತ್ತು. ಸಮತಟ್ಟಾದ ನೆಲ, ಮನೆಯೊಳಗೇ ಕಕ್ಕಸು, ಬೀದಿಗೆಲ್ಲ ದೀಪ ಇರುವ ದೇಶಗಳ ಮಾತಿದು. ಕಡಿದಾದ ಗುಡ್ಡ, ಪಾಚಿ ಹಿಡಿದ ಮೆಟ್ಟಿಲು, ಜೂನಿನಿಂದ ಸುರಿಯುವ ಮಳೆ ಇರುವ ನಮ್ಮ ನೀಲಗಿರಿ, ವಯನಾಡಿನ ತೋಟಗಳಲ್ಲಿ ಎಷ್ಟು ಮಂದಿ ಬೀಳುತ್ತಾರೆಂದು ಯಾವ ಪುಸ್ತಕ ಲೆಕ್ಕ ಇಟ್ಟಿದೆ? ಕಾಲು ಜಾರಿದವರ ಪಟ್ಟಿಯಲ್ಲಿ ಅವರೆಲ್ಲ ಮುಳುಗಿಹೋಗಿದ್ದಾರೆ.

ಇನ್ನು ಕೇಳಿಸುವ ಎದುರುಮಾತುಗಳಿಗೆ ಬರೋಣ.

"ಬೀಡಿ ಸೇದಿದವನ ಹಣೆಬರಹ, ಅದಕ್ಕೆ ತೋಟ ಏನು ಮಾಡೀತು?" ಎನ್ನುತ್ತಾರೆ. ಬೀಡಿ ಕೊಲ್ಲುತ್ತದೆ, ಅದನ್ನು ನಾವು ಮುಚ್ಚಿಡುವುದಿಲ್ಲ, ಕೂಟ ಕೂಟದಲ್ಲೂ ಹೇಳುತ್ತಿದ್ದೇವೆ. ಆದರೆ ಮೆಟ್ಟಿಲಲ್ಲಿ ಬಿದ್ದ ಆ ತಾಯಿ ಯಾವ ಬೀಡಿ ಸೇದಿದ್ದರು? ಅವರು ಸೇದಿದ್ದು ಒಲೆಯ ಹೊಗೆ. ಕಿಟಕಿ ಸಣ್ಣ, ಹೊಗೆಗೂಡಿಲ್ಲ, ಹಸಿ ಸೌದೆ, ಒಂದೇ ಕೋಣೆ. 2018ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಪತ್ರಿಕೆಯಲ್ಲಿ ಬಂದ ಲೆಕ್ಕದಂತೆ, 2016ರಲ್ಲಿ ನಮ್ಮ ದೇಶದಲ್ಲಿ ಈ ಕಾಯಿಲೆಯವರು ಸುಮಾರು 5.5 ಕೋಟಿ. ಈ ಕಾಯಿಲೆ ಹೊರಿಸಿದ ಭಾರದಲ್ಲಿ ಅರ್ಧಕ್ಕೂ ಹೆಚ್ಚು ಕೆಟ್ಟ ಗಾಳಿಯದು, ಮನೆಯೊಳಗಿನ ಹೊಗೆಯೂ ಅದರಲ್ಲಿ ಸೇರಿದೆ. ತಂಬಾಕಿನ ಪಾಲು ಸುಮಾರು ಕಾಲು ಭಾಗ. ದುಡಿಮೆಯ ಜಾಗದ ಧೂಳು ಹೊಗೆಗಳ ಪಾಲೂ ಬೇರೆಯಾಗಿಯೇ ಇದೆ. ಟೀ ಫ್ಯಾಕ್ಟರಿಯಲ್ಲಿ ಜರಡಿ ಹಿಡಿಯುವ, ಚೀಲ ತುಂಬುವ ಜಾಗದಲ್ಲಿ ನಿಂತವರಿಗೆ ಆ ಕಂದು ಧೂಳು ಮೂಗಿನಲ್ಲಿ ಕೂರುವುದು ಹೊಸ ಸುದ್ದಿಯಲ್ಲ. ಶ್ರೀಲಂಕಾದ ವೈದ್ಯ ಉರಗೊಡ ಅವರು ಟೀ ಧೂಳಿನಲ್ಲಿ ದುಡಿಯುವವರ ಕಫದ ಕೆಮ್ಮು, ಉಬ್ಬಸಗಳ ಬಗ್ಗೆ 1980ರಲ್ಲೇ ಬರೆದರು. ಹಾಗಿರಲು ಬೀಡಿಯೊಂದನ್ನೇ ಬೆರಳಿಟ್ಟು ತೋರಿಸುವುದು ನ್ಯಾಯವೋ?

"ವಯಸ್ಸಾಯಿತು, ಬೀಳುತ್ತಾರೆ" ಎನ್ನುತ್ತಾರೆ. ವಯಸ್ಸು ನಿಜ. ಆದರೆ ಅದೇ ವಯಸ್ಸಿನ, ದಮ್ಮಿಲ್ಲದ ಅಕ್ಕಂದಿರು ಸೌದೆ ಹೊತ್ತು ಅದೇ ಮೆಟ್ಟಿಲು ಹತ್ತುತ್ತಿದ್ದಾರೆ, ನೋಡುತ್ತಿಲ್ಲವೇ?

"ಮನೆಯ ಹತ್ತಿರ ಬಿದ್ದದ್ದು, ಕೆಲಸದಲ್ಲಿ ಅಲ್ಲ" ಎನ್ನುತ್ತದೆ ಆಫೀಸು. ಮನೆ ಯಾರದು? ಮೆಟ್ಟಿಲು ಕಟ್ಟಿದವರು ಯಾರು? ಕಕ್ಕಸನ್ನು ಅಷ್ಟು ಕೆಳಗೆ ಇಟ್ಟವರು ಯಾರು? ನಮ್ಮ ಹಿರಿಯರು ಮೈಸೂರು ಸೀಮೆಯಿಂದ ಈ ಘಟ್ಟ ಹತ್ತಿ ಬಂದಾಗ ಮನೆ ಕಟ್ಟಿಕೊಳ್ಳಲು ಜಾಗ ಸಿಗಲಿಲ್ಲ, ಲೈನಿನಲ್ಲಿ ಒಂದು ಕೋಣೆ ಸಿಕ್ಕಿತು. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ ಮತ್ತು ವೈದ್ಯದ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಆ ಕಾಯ್ದೆಯ ಸ್ಥಾನಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಸಂಹಿತೆ ಬಂದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 92ನೆಯ ಕಲಮು ಓದಿರಿ: ತೋಟದ ಕೆಲಸಗಾರರಿಗೂ ಅವರ ಮನೆಯವರಿಗೂ ವಸತಿ, ಕುಡಿಯುವ ನೀರು, ಅಡುಗೆಮನೆ, ಕಕ್ಕಸು, ಆರೋಗ್ಯದ ಸೌಕರ್ಯ ಮಾಲೀಕರು ಒದಗಿಸುವಂತೆ ನಿಯಮ ಮಾಡುವ ಅಧಿಕಾರ ರಾಜ್ಯ ಸರಕಾರದ ಕೈಯಲ್ಲಿದೆ. ಕಾಯ್ದೆಯ ಹೆಸರು ಬದಲಾಯಿತು, ಮೆಟ್ಟಿಲು ಬದಲಾಗಲಿಲ್ಲ.

ಕೊನೆಯ ಎದುರುಮಾತು ನಮ್ಮವರ ಬಾಯಿಂದಲೇ ಬರುತ್ತದೆ: "ದೇವರ ಚಿತ್ತ." ಆ ತಾಯಿಯ ಮಣ್ಣಿನ ದಿನವೂ ಇದನ್ನು ಕೇಳಿದೆವು. "ಯಾವ ಪಾಪಕ್ಕೋ" ಎಂದು ಪಿಸುಗುಟ್ಟಿದವರೂ ಇದ್ದರು. ಅಂಥವರು ಲೂಕನ ಸುವಾರ್ತೆಯ 13ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು. ಸಿಲೋವದಲ್ಲಿ ಗೋಪುರ ಬಿದ್ದು 18 ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂಬ ಎಣಿಕೆಯನ್ನು ಕರ್ತನು ತಳ್ಳಿಹಾಕಿದನು. ಸತ್ತವರ ಕಡೆ ಬೆರಳು ತೋರಿಸಿದವರನ್ನೇ ತಿರುಗಿಕೊಳ್ಳಿರೆಂದು ಕರೆದನು. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 8ನೆಯ ವಚನವನ್ನೂ ನೋಡಿರಿ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ತಡೆಗೋಡೆ ಕಟ್ಟಬೇಕು; ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತದ ಹೊಣೆ ಆ ಮನೆಗೆ ತಗಲುತ್ತದೆ ಎಂಬುದು ಅಲ್ಲಿನ ವಿಧಿ. ಬಿದ್ದವನು ಯಾಕೆ ಎಚ್ಚರವಾಗಿರಲಿಲ್ಲ ಎಂದು ಆ ವಿಧಿ ಕೇಳುವುದಿಲ್ಲ. ಗೋಡೆ ಎಲ್ಲಿ ಎಂದು ಕೇಳುತ್ತದೆ. ಮೆಟ್ಟಿಲಿಗೆ ಕಂಬಿ ಇಡದೆ ಬಿದ್ದದ್ದಕ್ಕೆ ದೇವರ ಚಿತ್ತ ಎನ್ನುವುದು ನಮ್ಮ ಸೋಮಾರಿತನವನ್ನು ದೇವರ ತಲೆಗೆ ಕಟ್ಟುವುದಾಗಿದೆ.

ಆಫೀಸನ್ನು ಮಾತ್ರ ಬೈದು ನಾವು ಕೈ ತೊಳೆದುಕೊಳ್ಳಲಾರೆವು. ನಮ್ಮ ಮನೆಗಳಲ್ಲಿ ದಮ್ಮಿನವರನ್ನು ಹೇಗೆ ನೋಡುತ್ತಿದ್ದೇವೆ? "ನೀ ಸುಮ್ಕೆ ಕೂತ್ಕೊ ಅಜ್ಜಿ" ಎಂದು ಮೂಲೆಯಲ್ಲಿ ಕೂರಿಸುತ್ತೇವೆ. ಪ್ರೀತಿಯಿಂದಲೇ ಕೂರಿಸುತ್ತೇವೆ, ಆ ಪ್ರೀತಿ ತೊಡೆಯನ್ನು ಕರಗಿಸುತ್ತದೆ. ಗ್ಯಾಸ್ ಸಿಲಿಂಡರ್ ಮೂಲೆಯಲ್ಲಿಟ್ಟು ಸ್ನಾನದ ನೀರಿಗೆ ಸೌದೆ ಉರಿಸಿ, ಅದೇ ಹೊಗೆಯಲ್ಲಿ ಅವರನ್ನು ಮಲಗಿಸುತ್ತೇವೆ. ಬಿದ್ದದ್ದನ್ನು ಅವರು ಹೇಳಿಕೊಂಡರೆ ನಗುತ್ತೇವೆ, "ತಾತ ಹಾಕ್ಕೊಂಡಿದ್ನೇನೋ" ಎನ್ನುತ್ತೇವೆ. ಆದುದರಿಂದ ಅವರು ಹೇಳುವುದನ್ನೇ ಬಿಡುತ್ತಾರೆ. ಮೂರು ಸಾರಿ ಬಿದ್ದು ಮುಚ್ಚಿಟ್ಟವರು ನಾಲ್ಕನೆಯ ಸಾರಿ ಮೂಳೆ ಮುರಿದುಕೊಂಡಾಗ ನಮಗೆ ತಿಳಿಯುತ್ತದೆ. ಇದರಲ್ಲಿ ನಮ್ಮ ಪಾಲಿನ ತಪ್ಪನ್ನು ನಾವು ಒಪ್ಪಿಕೊಳ್ಳುತ್ತೇವೆ.

ಹಾಗಾದರೆ ಆಗಬೇಕಾದದ್ದೇನು?

ತೋಟದ ಆಡಳಿತಕ್ಕೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಲೈನಿನಿಂದ ಕಕ್ಕಸಿಗೂ ನಲ್ಲಿಗೂ ಹೋಗುವ ಮೆಟ್ಟಿಲಿಗೆ ಕೈಕಂಬಿ. ರಾತ್ರಿಯೆಲ್ಲ ಉರಿಯುವ ಒಂದು ದೀಪ. ಮಳೆಗೆ ಮೊದಲೊಮ್ಮೆ, ನಡುವೆ ಒಮ್ಮೆ ಪಾಚಿ ಕೆರೆಸುವುದು. ದಮ್ಮಿನವರಿರುವ ಮನೆಗೆ ಹತ್ತಿರದಲ್ಲೇ ಕಕ್ಕಸು. ಒಲೆಗೆ ಹೊಗೆಗೂಡು. ದೊರೆಗಳ ಬಂಗಲೆಯ ಮೆಟ್ಟಿಲಿಗೆ ಇರುವ ಕಂಬಿಯಷ್ಟು ಉದ್ದದ ಕಂಬಿ ಸಾಕು, ಅದಕ್ಕಿಂತ ಒಂದಡಿ ಹೆಚ್ಚು ಕೇಳುವುದಿಲ್ಲ.

ಡಿಸ್ಪೆನ್ಸರಿಗೆ ನಮ್ಮ ಬೇಡಿಕೆ: ದಮ್ಮಿನ ರೋಗಿ ಬಂದಾಗ ಎದೆಗೆ ಕೊಳವೆ ಇಟ್ಟ ಮೇಲೆ ಒಂದು ಪ್ರಶ್ನೆ ಕೇಳಿರಿ, "ಈ ವರ್ಷ ಬಿದ್ದಿರಾ?" ಎಂದು. ಅವರಿಗೆ ಅರ್ಥವಾಗುವ ಮಾತಿನಲ್ಲಿ ಕೇಳಿರಿ. ಕನ್ನಡದಲ್ಲಿ "ಕಾಲು ಸೋಲುತ್ತೆ" ಎಂದವರ ಮಾತನ್ನು ಇನ್ನೊಂದು ಭಾಷೆಯಲ್ಲಿ "ಕಾಲು ನೋವು" ಎಂದು ಬರೆದು ಮುಲಾಮು ಕೊಟ್ಟು ಕಳಿಸಿದ್ದನ್ನು ನಾವು ಕಂಡಿದ್ದೇವೆ. ಕುರ್ಚಿಯಿಂದ ಕೈ ಊರದೆ ಐದು ಸಾರಿ ಎದ್ದು ಕೂರಲು ಹೇಳಿರಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಆ ಕಾಲು ಎಚ್ಚರಿಕೆ ಕೊಡುತ್ತಿದೆ ಎಂದು ತಿಳಿಯಿರಿ. ಇದಕ್ಕೆ ಬೇಕಾದ ಯಂತ್ರ ಒಂದು ಕುರ್ಚಿ, ಒಂದು ಗಡಿಯಾರ.

ಸರಕಾರದ ಬಾಗಿಲನ್ನೂ ತಟ್ಟಬೇಕು. ತಮಿಳುನಾಡಿನಲ್ಲಿ 2021ರಲ್ಲಿ ಶುರುವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಮನೆಗೇ ಬಂದು ವ್ಯಾಯಾಮ ಚಿಕಿತ್ಸೆ ಕೊಡುವ ಏರ್ಪಾಡಿದೆ. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಈ ಕಾಯಿಲೆಗೆಂದೇ 'ಶ್ವಾಸ್' ಎಂಬ ಏರ್ಪಾಡಿದೆ. ನಮ್ಮ ಹೆಸರು ಅಲ್ಲಿ ಬರೆಸಿಲ್ಲವಾದರೆ ಬರೆಸೋಣ. ಲೈನಿಗೆ ಬರುವ ನರ್ಸಮ್ಮನನ್ನು ಕೇಳಿರಿ, ನಾಚಿಕೆ ಬೇಡ.

ನಮ್ಮ ಮನೆಗಳಿಗೆ ಹೇಳುವುದು ಇದು. ದಮ್ಮಿನವರನ್ನು ಎಬ್ಬಿಸಿರಿ, ನಡೆಸಿರಿ. ವೈದ್ಯರನ್ನು ಕೇಳಿ ಶುರುಮಾಡಿರಿ. ಗೋಡೆ ಇಲ್ಲವೇ ಭಾರವಾದ ಕುರ್ಚಿ ಹಿಡಿದು, ಪಕ್ಕದಲ್ಲಿ ಒಬ್ಬರು ನಿಂತು, ಎದ್ದು ಕೂರುವುದು, ಹಿಮ್ಮಡಿ ಎತ್ತುವುದು, ಒಂದು ಕಾಲಿನ ಮುಂದೆ ಇನ್ನೊಂದಿಟ್ಟು ನಿಲ್ಲುವುದು; ದಿನಕ್ಕಿಷ್ಟು. ಏಳುವಾಗ ತುಟಿ ಕೂಡಿಸಿ, ಒಲೆ ಊದುವಂತೆ ಮೆಲ್ಲಗೆ ಉಸಿರು ಬಿಡುತ್ತಾ ಏಳಲಿ. ಎದೆ ನೋವು, ತಲೆ ಸುತ್ತು ಬಂದರೆ, ತುಟಿ ನೀಲಿಯಾದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿರಿ. ಕೆನಡಾದ ಇನ್ನೊಂದು ಪ್ರಯೋಗದಲ್ಲಿ, ಮಾಮೂಲಿ ಉಸಿರಿನ ವ್ಯಾಯಾಮದ ಜೊತೆಗೆ ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆಯಂತೆ ಆರು ವಾರ ಮೈಯ ಸಮತೋಲದ ಅಭ್ಯಾಸ ಮಾಡಿಸಿದಾಗ ರೋಗಿಗಳು ನಿಲ್ಲುವ ನಡೆಯುವ ಹತೋಟಿ ಸುಧಾರಿಸಿತೆಂದು 2013ರಲ್ಲಿ ಪ್ರಕಟವಾಗಿದೆ. ಶ್ವಾಸಕೋಶ ಮೊದಲಿನಂತಾಗದಿರಬಹುದು, ಕಾಲು ಸುಧಾರಿಸುತ್ತದೆ.

ಊರುಗೋಲು ಕೊಡಿರಿ, ಅದು ಸೋಲಿನ ಗುರುತಲ್ಲ. ಮೆಟ್ಟಿಲ ನಡುವೆ ಅವರನ್ನು ಮಾತಾಡಿಸಬೇಡಿರಿ. ನಿಂತು, ಉಸಿರು ತಿರುಗಿದ ಮೇಲೆ ಉತ್ತರ ಕೊಡಲಿ. ಆಕ್ಸಿಜನ್ ಯಂತ್ರ ಇರುವ ಮನೆಯಲ್ಲಿ ಅದರ ಉದ್ದ ಕೊಳವೆ ಕಾಲಿಗೆ ತೊಡರದಂತೆ ಗೋಡೆಯ ಅಂಚಿಗೆ ಕಟ್ಟಿರಿ, ಒಲೆಯಿಂದ ದೂರವಿಡಿರಿ. ರಾತ್ರಿ ಹೊರಗೆ ಹೋಗಬೇಕಾದವರಿಗೆ ಹಾಸಿಗೆಯ ಬಳಿ ಒಂದು ಟಾರ್ಚು, ಕರೆದರೆ ಏಳುವ ಒಬ್ಬರು. ಅದೂ ಆಗದಿದ್ದರೆ ಒಂದು ಪಾತ್ರೆ ಇಡಿರಿ. ಅದನ್ನು ಬೆಳಿಗ್ಗೆ ಹೊರಗೆ ಚೆಲ್ಲುವುದು ಶಿಷ್ಯರ ಕಾಲು ತೊಳೆದ ಕರ್ತನ ಮಕ್ಕಳಿಗೆ ಅವಮಾನವಲ್ಲ.

ಸಭೆಗೂ ಒಂದು ಮಾತು. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ರೋಗಿಗಳ ಹೆಸರು ಓದುತ್ತೇವೆ, ಒಳ್ಳೆಯದು. ಇನ್ನು ಮುಂದೆ ಬಿದ್ದವರ ಲೆಕ್ಕವನ್ನೂ ಇಡೋಣ. ಯಾರು, ಯಾವ ಹೊತ್ತು, ಯಾವ ಮೆಟ್ಟಿಲು, ದಮ್ಮಿತ್ತೋ ಇಲ್ಲವೋ. ಲೈನಿಗೊಬ್ಬರು ಒಂದು ನೋಟು ಪುಸ್ತಕದಲ್ಲಿ ಬರೆದಿಡಲಿ. ಆಫೀಸಿನ ಪುಸ್ತಕ ಮುಚ್ಚಿದ ಕಡೆ ನಮ್ಮ ಪುಸ್ತಕ ತೆರೆದಿರಲಿ. ಒಂದು ವರ್ಷ ಬರೆದು, ಯೂನಿಯನ್ ಮೂಲಕ ಆಡಳಿತದ ಮೇಜಿನ ಮೇಲೆ ಇಡೋಣ. ಕಂಬಿ ಬರುವುದು ತಡವಾದರೆ ಸುಮ್ಮನೆ ಕೂರುವುದು ಬೇಡ. ಆ ತಾಯಿ ಬಿದ್ದ ಮೆಟ್ಟಿಲಿಗೆ ನಮ್ಮ ಯೌವನಸ್ಥರು ಕಳೆದ ತಿಂಗಳು ಭಾನುವಾರದ ಆರಾಧನೆಯ ನಂತರ ಬಿದಿರಿನ ಗಳ ಕಟ್ಟಿದರು. ಅದು ಎರಡು ಮಳೆ ತಡೆದೀತು. ಅಷ್ಟರೊಳಗೆ ಕಬ್ಬಿಣದ ಕಂಬಿ ಬರಬೇಕು, ಬರುವವರೆಗೆ ನಾವು ಕೇಳುತ್ತಲೇ ಇರಬೇಕು.

ಇನ್ನು ಮೇಲೆ ನಮ್ಮ ಲೈನಿನಲ್ಲಿ ದಮ್ಮಿನವರು ಯಾರು ಬಿದ್ದರೂ, ಚೀಟಿಯಲ್ಲಿ "ಕಾಲು ಜಾರಿ" ಎಂದು ಬರೆಯಲು ಪೆನ್ನು ಎತ್ತಿದರೆ, ಅಲ್ಲಿ ನಿಂತ ನಮ್ಮವರು ಯಾರೇ ಆಗಲಿ ವಿನಯದಿಂದ, ಆದರೆ ಗಟ್ಟಿಯಾಗಿ ಹೇಳಲಿ: ಅಯ್ಯಾ, ಜಾರಿದ್ದಲ್ಲ, ಕಾಲು ಸೋತದ್ದು, ಹಾಗೆಂದೇ ಬರೆಯಿರಿ.